ಗಟ್ಟಿ ಇಂಗ್ಲಿಷ್ ಶಬ್ದಗಳಿಗೆ ನೆಹರೂ, ಲಿಂಕನ್, ಕಿಂಗ್: ಯಾರ ಭಾಷಣ ಹಿಡಿಯಬೇಕು?

ಕೇರಳದ ಬದಿಯಡ್ಕ, ಮಂಜೇಶ್ವರದ ಕಡೆ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ಪ್ಲಸ್ ಟುಗೆ (ಹನ್ನೊಂದು, ಹನ್ನೆರಡನೇ ತರಗತಿ) ಸೇರಿದ ಮಕ್ಕಳಿಗೆ ಈ ಪ್ರಶ್ನೆ ಬರುತ್ತದೆ.

ಸಮಯ ಕಡಿಮೆಯಿದ್ದರೆ ಲಿಂಕನ್‌ರ 1863ರ ಗೆಟಿಸ್‌ಬರ್ಗ್ ಭಾಷಣ. 270ರ ಆಸುಪಾಸು ಶಬ್ದ, ಒಂದೇ ಪುಟ. 'ಡೆಡಿಕೇಟ್' ಆರು ಸಲ ಬರುತ್ತದೆ: ಒಂದು ಕಡೆ ನೆಲವನ್ನು ಮೀಸಲಿಡುವುದು, ಇನ್ನೊಂದು ಕಡೆ ಬದುಕಿರುವವರು ತಮ್ಮನ್ನೇ ಮುಡಿಪಾಗಿಡುವುದು. ಆರಕ್ಕೂ ಗೆರೆ ಎಳೆದು ಪಕ್ಕದಲ್ಲಿ ಕನ್ನಡ ಬರೆಯಿರಿ. ಆದರೆ ಲಿಂಕನ್‌ರ ದನಿಯ ಮುದ್ರಣ ಇಲ್ಲ. ಉಚ್ಚಾರ ಬೇರೆಯವರಿಂದಲೇ ಕಲಿಯಬೇಕು.

ನೆಹರೂ ಅವರ 1947 ಆಗಸ್ಟ್ 14ರ ರಾತ್ರಿಯ ಭಾಷಣಕ್ಕೆ ಹಿನ್ನೆಲೆ ವಿವರಿಸಬೇಕಿಲ್ಲ, ಅವರ ದನಿಯೂ ಸಿಗುತ್ತದೆ. 'ರಿಡೀಮ್ ಅವರ್ ಪ್ಲೆಜ್' ನೋಡಿ. ಬ್ಯಾಂಕಿನಲ್ಲಿ ಪ್ಲೆಜ್ ಅಂದರೆ ಅಡವು, ರಿಡೀಮ್ ಅಂದರೆ ಅಡವಿಟ್ಟ ಚಿನ್ನ ಬಿಡಿಸಿಕೊಳ್ಳುವುದು. ಇಲ್ಲಿ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು. ಹೀಗೆ ಕಲಿತ ಶಬ್ದ ಮರೆಯುವುದಿಲ್ಲ. ಇದೇ ಭಾಷಣದ 'ಟ್ರಿಸ್ಟ್' (ಮೊದಲೇ ಗೊತ್ತುಮಾಡಿಕೊಂಡ ಭೇಟಿ) ವಿಷಯದಲ್ಲಿ ಮಾತ್ರ ಜಾಗ್ರತೆ: ಪ್ರೇಮಿಗಳ ಗುಟ್ಟಿನ ಭೇಟಿಗೂ ಅದೇ ಶಬ್ದ. ಇಂಟರ್‌ವ್ಯೂಗೆ ಬರುತ್ತೇನೆಂದು ಬರೆಯುವಾಗ ಅದನ್ನು ಬಳಸಿದರೆ ಅಭಾಸ.

ಕಿವಿಯಿಂದ ಕಲಿಯುವವರಿಗೆ ಮಾರ್ಟಿನ್ ಲೂಥರ್ ಕಿಂಗ್‌ರ 1963 ಆಗಸ್ಟ್ 28ರ ಭಾಷಣ, ಸುಮಾರು 17 ನಿಮಿಷ. 'ಪ್ರಾಮಿಸರಿ ನೋಟ್' (ಹಣ ಕೊಡುತ್ತೇನೆಂಬ ಬರಹದ ಮಾತು), 'ಡಿಫಾಲ್ಟ್' (ಕೊಡಬೇಕಾದ್ದನ್ನು ಕೊಡದಿರುವುದು) ಮುಂತಾದ ಹಣಕಾಸಿನ ಶಬ್ದಗಳು ಕಾಮರ್ಸ್ ವಿದ್ಯಾರ್ಥಿಗಳಿಗೆ ನೇರ ಉಪಯೋಗ. ಉದ್ದ ಜಾಸ್ತಿ, ಬೈಬಲ್ ಉಲ್ಲೇಖಗಳಿಗೆ ವಿವರಣೆ ಬೇಕು. ದಿನಕ್ಕೆ ಎರಡು ನಿಮಿಷದ ತುಂಡು, ಎಂಟು ಶಬ್ದ ಸಾಕು. ಮಲಯಾಳದಲ್ಲಿ ಅರ್ಥ ಹೇಳುವ ತರಗತಿಯಾದರೆ ಮನೆಗೆ ಬಂದ ದಿನವೇ ಕನ್ನಡ ಅರ್ಥ ಬರೆದಿಡಿ. ತಡವಾದರೆ ಎರಡೂ ಕಲಸಿಹೋಗುತ್ತವೆ.