ಸಕ್ಕರೆಯ ಬದಲು ಏನನ್ನೋ ಕೊಳ್ಳುವ ಮುನ್ನ: ಸಕ್ಕರೆ ಕಾರ್ಖಾನೆಯವನೊಬ್ಬ ಮೋಸಹೋದ ಕತೆ

ಕಬ್ಬಿನ ರಸದಲ್ಲಿ ಸಕ್ಕರೆ ಎಷ್ಟಿದೆ ಎಂದು ಅಳೆಯುವುದೇ ನನ್ನ ಹೊಟ್ಟೆಪಾಡು. ಮುಧೋಳ ತಾಲ್ಲೂಕಿನ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ 19 ವರ್ಷಗಳಿಂದ ಬ್ರಿಕ್ಸ್ (ರಸದಲ್ಲಿ ಕರಗಿದ ಒಟ್ಟು ಪದಾರ್ಥ), ಪೋಲ್ (ಅದರಲ್ಲಿರುವ ಸಕ್ಕರೆ) ಎಂದು ಲೆಕ್ಕ ಬರೆಯುತ್ತಿದ್ದೇನೆ. ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಗೆ ಹೋಗಿ ತರಬೇತಿಯನ್ನೂ ಪಡೆದು ಬಂದವನು. ಇಂಥ ನಾನೇ ಮೂರು ತಿಂಗಳು ‘ಸಕ್ಕರೆಗೆ ಬದಲಿ’ ಎಂದು ದುಡ್ಡು ಕೊಟ್ಟು ಸಕ್ಕರೆಯನ್ನೇ ತಿಂದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಕಳೆದ ವಾರ ನಮ್ಮ ಓಣಿಯ ಹಿರಿಯರೊಬ್ಬರ ಕೈಚೀಲದಲ್ಲಿ ಅದೇ ಡಬ್ಬಿಯನ್ನು ಕಂಡೆ, ಸುಮ್ಮನಿರಲಾಗಲಿಲ್ಲ.

ಕಳೆದ ಜೂನ್‌ನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಖಾಲಿ ಹೊಟ್ಟೆಯ ಶುಗರ್ 148 ಬಂತು. ಹಿಂದಿನ ಎರಡು-ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ 7.2. ಬಾಗಲಕೋಟೆಯ ವೈದ್ಯರು ಮೆಟ್‌ಫಾರ್ಮಿನ್ ಬರೆದು, ಪಥ್ಯದ ಚೀಟಿ ಕೊಟ್ಟರು. ಎರಡು ಜೋಳದ ರೊಟ್ಟಿ, ಪಲ್ಯ, ಮೊಳಕೆ ಕಾಳು, ಒಂದು ಹಿಡಿ ಅನ್ನ, ಮಜ್ಜಿಗೆ, ಸಂಜೆ ನಡಿಗೆ. ಕೊನೆಯ ಸಾಲು: ಸಿಹಿ ಬೇಡ. ಮೇಲಿನ ಸಾಲುಗಳನ್ನೆಲ್ಲ ತಲೆಬಾಗಿ ಒಪ್ಪಿದೆ. ಕೊನೆಯದಕ್ಕೆ ಮಾತ್ರ ಕಳ್ಳದಾರಿ ಹುಡುಕಿದೆ. ದಿನಕ್ಕೆ ಐದು ಕಪ್ ಚಹಾ ಕುಡಿಯುವವನು ನಾನು. ಅಮಾವಾಸ್ಯೆಗೆ ಹೋಳಿಗೆ, ಹುಣ್ಣಿಮೆಗೆ ಗೋಧಿ ಹುಗ್ಗಿ ಎನ್ನುವ ಮನೆ ನಮ್ಮದು.

ವೈದ್ಯರಲ್ಲಿಂದ ಹೊರಬಿದ್ದವನು ನೇರವಾಗಿ ನವನಗರದ ಒಂದು ‘ಆರೋಗ್ಯ ಆಹಾರ’ದ ಅಂಗಡಿಗೆ ಹೋದೆ. ಹೆಸರು ಬೇಡ. ಗಾಜಿನ ಬಾಗಿಲು, ಒಳಗೆ ತಣ್ಣನೆಯ ಗಾಳಿ, ಸಿರಿಧಾನ್ಯದ ಪೊಟ್ಟಣಗಳ ಸಾಲು. ಅಲ್ಲಿದ್ದ ಹುಡುಗ ಅರ್ಧ ಕಿಲೋ ಕಂದು ಪುಡಿಯ ಡಬ್ಬಿಯನ್ನು ನನ್ನ ಕೈಗಿಟ್ಟ. "ಸರ್, ಇದು ಸಾವಯವ ಬೆಲ್ಲ. ರಾಸಾಯನಿಕ ಹಾಕಿಲ್ಲ. ಶುಗರ್ ಇದ್ದವರು ಧೈರ್ಯವಾಗಿ ತಿನ್ನಬಹುದು, ನಮ್ಮ ಗಿರಾಕಿಗಳಲ್ಲಿ ಅರ್ಧ ಜನ ಅವರೇ ಇದ್ದಾರೆ" ಎಂದ. 140 ರೂಪಾಯಿ. ಮಹಾಲಿಂಗಪುರದ ಬೆಲ್ಲದ ಪೇಟೆ ನಮ್ಮ ಊರಿನ ಮಗ್ಗುಲಲ್ಲೇ ಇದೆ. ಅಲ್ಲಿ ಪೆಂಟೆಗಟ್ಟಲೆ ಸಿಗುವ ವಸ್ತುವನ್ನು ಪುಡಿ ಮಾಡಿ, ಹಸಿರು ಎಲೆಯ ಚಿತ್ರ ಅಂಟಿಸಿದ್ದಕ್ಕೆ ಅಷ್ಟು ಕೊಟ್ಟು ಬಂದೆ. ಜೊತೆಗೆ ಅದೇ ಹುಡುಗನ ಮಾತಿಗೆ ಸ್ಟೀವಿಯಾ ಎಂಬ ಸಿಹಿ ಎಲೆಯ ಗಿಡದ ಪುಡಿ ಎಂದು ಒಂದು ಜಾಡಿಯನ್ನೂ ಕೊಂಡೆ. ಚಹಾಕ್ಕೆ ಬೆಲ್ಲ, ಸಿಹಿ ಅಡುಗೆಗೆ ಸ್ಟೀವಿಯಾ ಎಂದು ನನ್ನದೇ ಯೋಜನೆ. ಜಾಡಿಯ ಮೇಲೆ ‘ಸಕ್ಕರೆ ಎಷ್ಟೋ ಇದೂ ಅಷ್ಟೇ ಹಾಕಿ’ ಎಂದಿತ್ತು. ಹಾಗಾಗಿ ಶಿರಾಕ್ಕೆ ಒಂದು ಬಟ್ಟಲು, ಹುಗ್ಗಿಗೆ ಎರಡು ಬಟ್ಟಲು ಧಾರಾಳವಾಗಿ ಬಿತ್ತು.

ಪಂಚಮಿ ಬಂತು. ಮನೆಯಲ್ಲಿ ಶೇಂಗಾ, ಎಳ್ಳು, ಪುಟಾಣಿ ಉಂಡಿಗಳ ಡಬ್ಬಿಗಳು ತುಂಬಿದವು. ನಾನು ಅವುಗಳನ್ನು ಮುಟ್ಟಲಿಲ್ಲ. ಅದರ ಬದಲು ಪೇಟೆಯಿಂದ ತಂದ ‘ಸಕ್ಕರೆ ರಹಿತ’ ಲಾಡುಗಳನ್ನು ಹಬ್ಬದ ಮರುದಿನ ಬೆಳಿಗ್ಗೆ ಒಂದರ ಮೇಲೊಂದರಂತೆ ಏಳು ತಿಂದು, ಬೆಳಗಾವಿಗೆ ಹೊರಟ ಬಸ್ಸು ಹತ್ತಿದೆ. ಯರಗಟ್ಟಿ ಬರುವಷ್ಟರಲ್ಲಿ ಹೊಟ್ಟೆಯೊಳಗೆ ಗಾಣ ತಿರುಗತೊಡಗಿತು. ನಿಲ್ದಾಣದಲ್ಲಿ ಕಂಡಕ್ಟರನಿಗೆ ಕೈಮುಗಿದು ಇಳಿದೆ. ಆ ಬಸ್ಸು ಹೋಯಿತು, ಅದರ ಮುಂದಿನ ಬಸ್ಸೂ ಹೋಯಿತು. ಮಿಕ್ಕಿದ್ದನ್ನು ಬರೆಯುವುದಿಲ್ಲ. ಮನೆಗೆ ಬಂದು ಲಾಡಿನ ಪೆಟ್ಟಿಗೆಯನ್ನು ಬೋರಲು ಹಾಕಿದಾಗ ಮಾಲ್ಟಿಟಾಲ್ ಎಂಬ ಹೆಸರು, ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ಪಾಲಿಯಾಲ್‌ಗಳಿಂದ ಭೇದಿಯಾಗಬಹುದು’ ಎಂಬ ಇಂಗ್ಲಿಷ್ ಸೂಚನೆ ಕಂಡವು. ಮಾಲ್ಟಿಟಾಲ್, ಸಾರ್ಬಿಟಾಲ್, ಕ್ಸೈಲಿಟಾಲ್‌ಗಳು ಕರುಳಿನಲ್ಲಿ ಪೂರ್ತಿಯಾಗಿ ಹೀರಲ್ಪಡುವುದಿಲ್ಲ. ಉಳಿದದ್ದು ನೀರನ್ನು ಎಳೆದುಕೊಳ್ಳುತ್ತದೆ, ಹುಳಿಯುತ್ತದೆ, ಗಾಳಿಯಾಗುತ್ತದೆ. ಮಾಲ್ಟಿಟಾಲ್ ಸೊನ್ನೆ ಕ್ಯಾಲೊರಿಯದೂ ಅಲ್ಲ. ಸಕ್ಕರೆಯ ಅರ್ಧದಷ್ಟು, ಅಂದರೆ ಗ್ರಾಮಿಗೆ ಸುಮಾರು 2 ಕ್ಯಾಲೊರಿ ಅದರಲ್ಲೂ ಇದೆ, ರಕ್ತದ ಶುಗರನ್ನೂ ಒಂದಿಷ್ಟು ಏರಿಸುತ್ತದೆ. ಲಾಡಿನ ತುಪ್ಪ, ಹಿಟ್ಟುಗಳ ಲೆಕ್ಕ ಬೇರೆ.

ಸೆಪ್ಟೆಂಬರ್‌ನಲ್ಲಿ ಮತ್ತೆ ಪರೀಕ್ಷೆ. ಎಚ್‌ಬಿಎ1ಸಿ 8.1. ಮೂರು ತಿಂಗಳು ಗುಳಿಗೆ ನುಂಗಿ, ದಿನಾ ನಡೆದು, ರೊಟ್ಟಿ ಎಣಿಸಿ ತಿಂದು, ಇಳಿಯಬೇಕಾದದ್ದು ಏರಿತ್ತು. ವೈದ್ಯರು ಚೀಟಿ ನೋಡಿ, ನನ್ನ ಮುಖ ನೋಡಿ, "ಏನು ತಿನ್ನುತ್ತಿದ್ದೀರಿ, ನಿಜ ಹೇಳಿ" ಎಂದರು. ಹೇಳಿದೆ. "ನೀವು ಕೆಲಸ ಮಾಡುವುದು ಎಲ್ಲಿ?" ಎಂದು ಕೇಳಿದರು. ಅದನ್ನೂ ಹೇಳಿದೆ. ಅವರು ನಗಲಿಲ್ಲ, ಅದೇ ದೊಡ್ಡ ಉಪಕಾರ.

ಆಗ ಹಂಗಾಮು ಇರಲಿಲ್ಲ, ಕಾರ್ಖಾನೆ ದುರಸ್ತಿಯಲ್ಲಿತ್ತು, ಪ್ರಯೋಗಾಲಯ ಖಾಲಿ. ಎರಡೂ ಡಬ್ಬಿಗಳನ್ನು ಒಯ್ದೆ. ನಮ್ಮ ಕಸುಬಿನ ಲೆಕ್ಕದಂತೆ 26 ಗ್ರಾಂ ಬೆಲ್ಲದ ಪುಡಿಯನ್ನು ತೂಗಿ, ನೀರಿನಲ್ಲಿ ಕರಗಿಸಿ 100 ಮಿಲಿ ಮಾಡಿ, ತಿಳಿಗೊಳಿಸಿ, ಸೋಸಿ, ಸಕ್ಕರೆ ಅಳೆಯುವ ಯಂತ್ರವಾದ ಪೋಲಾರಿಮೀಟರಿನ ಕೊಳವೆಗೆ ತುಂಬಿದೆ. ಶುದ್ಧ ಸಕ್ಕರೆಯಾದರೆ 100 ತೋರಿಸಬೇಕು. ಬೆಲ್ಲ 81 ತೋರಿಸಿತು. ಅದರ ಜೊತೆ ಬೆಲ್ಲದಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಕೂಡ ಇರುತ್ತವೆ; ಉಳಿದದ್ದರಲ್ಲಿ ತೇವ ಮತ್ತು ಒಂದಿಷ್ಟು ಖನಿಜ. ಕಬ್ಬಿಣಾಂಶ ಇದೆ ಎನ್ನುವುದು ಸುಳ್ಳಲ್ಲ. ಆದರೆ ಚಹಾದ ಚಮಚೆಯಲ್ಲಿ ಸಿಗುವ ಕಬ್ಬಿಣಾಂಶಕ್ಕಾಗಿ ಅಷ್ಟು ಸಕ್ಕರೆ ತಿನ್ನುವುದು ಕವಡೆಗಾಗಿ ಕಣಜ ಮಾರಿದಂತೆ. ನೂರು ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲೊರಿ, ಬೆಲ್ಲದಲ್ಲಿ 380ರ ಆಸುಪಾಸು. ‘ಸಾವಯವ’ ಎನ್ನುವ ಮಾತು ಕಬ್ಬು ಬೆಳೆದ ಬಗೆಯನ್ನು ಹೇಳುತ್ತದೆ, ರಕ್ತಕ್ಕೆ ಅದು ಗೊತ್ತಾಗುವುದಿಲ್ಲ. ಜೇನುತುಪ್ಪ, ಖರ್ಜೂರದ ಪಾಕ, ತೆಂಗಿನ ಸಕ್ಕರೆಗಳಿಗೂ ಇದೇ ಮಾತು.

ಸ್ಟೀವಿಯಾ ಜಾಡಿಯದು ಇನ್ನೂ ತಮಾಷೆ. ಅದನ್ನು ಅಷ್ಟೇ ತೂಕ ಹಾಕಿ ನೋಡಿದರೆ ಮುಳ್ಳು 100ನ್ನು ದಾಟಿ ಎಲ್ಲಿಗೋ ಹೋಯಿತು. ಸಕ್ಕರೆಗಿಂತ ಹೆಚ್ಚು ಸಕ್ಕರೆಯೇ? ಹಾಗಲ್ಲ. ಈ ಯಂತ್ರ ಬೆಳಕು ಎಷ್ಟು ತಿರುಗುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ಸಕ್ಕರೆಗಿಂತ ಬಲವಾಗಿ ಬೆಳಕನ್ನು ತಿರುಗಿಸುವ, ಬಿಳಿಯ, ಅಗ್ಗದ ಪುಡಿ ಯಾವುದು ಎಂದು ಜಾಡಿಯ ಹಿಂಬದಿ ತಿರುಗಿಸಿದೆ. ಮೊದಲ ಹೆಸರೇ ಮಾಲ್ಟೋಡೆಕ್ಸ್‌ಟ್ರಿನ್. ಪಿಷ್ಟವನ್ನು ತುಂಡರಿಸಿ ಮಾಡುವ ಪುಡಿ ಅದು. ಹೊಟ್ಟೆಗೆ ಹೋದ ಕೂಡಲೇ ಗ್ಲೂಕೋಸ್ ಆಗುತ್ತದೆ, ರಕ್ತದ ಶುಗರನ್ನು ಸಕ್ಕರೆಗಿಂತ ನಿಧಾನವಾಗೇನೂ ಏರಿಸುವುದಿಲ್ಲ. ಸ್ಟೀವಿಯಾದ ಸತ್ವ ಸಕ್ಕರೆಗಿಂತ 200ರಿಂದ 300 ಪಟ್ಟು ಸಿಹಿ. ಅಂದಮೇಲೆ ಬಟ್ಟಲಿಗೆ ಬಟ್ಟಲು ಹಾಕುವ ಪುಡಿಯಲ್ಲಿ ಸ್ಟೀವಿಯಾ ಚಿಟಿಕೆ, ಮಿಕ್ಕಿದ್ದೆಲ್ಲ ತುಂಬಿಸಿದ ಸರಕು ಎಂದು ಲೆಕ್ಕ ಬಲ್ಲ ನನಗೆ ಅಂಗಡಿಯಲ್ಲೇ ಹೊಳೆಯಬೇಕಿತ್ತು. ಚಹಾಕ್ಕೆ ಒಂದು ಗ್ರಾಮಿನ ಚಿಕ್ಕ ಪೊಟ್ಟಣ ಹಾಕಿಕೊಂಡರೆ ಅಷ್ಟೇನೂ ಅನಾಹುತವಾಗದು. ನಾನು ಹಾಕಿದ್ದು ಬಟ್ಟಲುಗಟ್ಟಲೆ. ಜೊತೆಗೆ ‘ಸಕ್ಕರೆ ಇಲ್ಲವಲ್ಲ’ ಎಂಬ ಧೈರ್ಯದಲ್ಲಿ ಎರಡನೆಯ ಸಲ, ಮೂರನೆಯ ಸಲ ಬಡಿಸಿಕೊಂಡೆ. ಅಂಗಡಿಯವನದು ಅರ್ಧ ತಪ್ಪು, ನನ್ನ ನಾಲಿಗೆಯದು ಅರ್ಧ.

ಆ ಜಾಡಿಯ ಮೇಲೆ ‘ಸಕ್ಕರೆ: 0 ಗ್ರಾಂ’ ಎಂದು ಬರೆದದ್ದು ಕಾನೂನಿನ ಲೆಕ್ಕದಲ್ಲಿ ಸುಳ್ಳೇನೂ ಅಲ್ಲ. ಗ್ಲೂಕೋಸ್, ಸುಕ್ರೋಸ್‌ನಂಥವು ಮಾತ್ರ ‘ಸಕ್ಕರೆ’ಯ ಸಾಲಿಗೆ ಬರುತ್ತವೆ, ಮಾಲ್ಟೋಡೆಕ್ಸ್‌ಟ್ರಿನ್‌ನ ಉದ್ದ ಸರಪಳಿಗಳು ಅದರ ಮೇಲಿನ ‘ಕಾರ್ಬೋಹೈಡ್ರೇಟ್’ ಸಾಲಿನಲ್ಲಿ ಅಡಗುತ್ತವೆ. ನನ್ನ ಜಾಡಿಯಲ್ಲಿ ಆ ಸಾಲು ನೂರು ಗ್ರಾಮಿಗೆ 90 ಗ್ರಾಂ ದಾಟಿತ್ತು. ಆದ್ದರಿಂದ ಸಕ್ಕರೆಯ ಸಾಲನ್ನು ನೋಡಿ ಸುಮ್ಮನಾಗಬೇಡಿ, ಅದರ ಮೇಲಿನ ಸಾಲನ್ನೂ ನೋಡಿ. ಘಟಕಗಳ ಪಟ್ಟಿಯಲ್ಲಿ ತೂಕ ಹೆಚ್ಚಿರುವುದು ಮೊದಲು ಬರಬೇಕು ಎಂಬ ನಿಯಮವಿದೆ. ಮೊದಲ ಎರಡು ಹೆಸರು ಓದಿದರೆ ಡಬ್ಬಿಯ ಅರ್ಧ ಜಾತಕ ತಿಳಿಯುತ್ತದೆ. ಸಿಹಿಕಾರಕದ ಹೆಸರಿನ ಬದಲು ಸಂಖ್ಯೆ ಕೊಟ್ಟಿದ್ದರೆ 951 ಆಸ್ಪರ್ಟೇಮ್, 955 ಸುಕ್ರಲೋಸ್, 960 ಸ್ಟೀವಿಯಾ, 965 ಮಾಲ್ಟಿಟಾಲ್. ‘ಸಕ್ಕರೆ ಸೇರಿಸಿಲ್ಲ’ ಎಂಬ ಬರಹವನ್ನಂತೂ ‘ಸಕ್ಕರೆ ಇಲ್ಲ’ ಎಂದು ಓದಿಕೊಳ್ಳಲೇಬೇಡಿ. ಪದಾರ್ಥದಲ್ಲಿ ಮೊದಲೇ ಇರುವ ಸಕ್ಕರೆಯನ್ನು ಆ ಮಾತು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಜಾಡಿ ಹಿಂದಿರುಗಿಸಲು ಹೋದೆ. "ಒಡೆದ ಮಾಲು ತೆಗೆದುಕೊಳ್ಳುವುದಿಲ್ಲ ಸರ್" ಎಂದ ಅದೇ ಹುಡುಗ.

ಆಮೇಲೆ ವೈದ್ಯರನ್ನು ಕೇಳಿಯೇ ಸುಕ್ರಲೋಸ್ ಗುಳಿಗೆಗಳಿಗೆ ಬಂದೆ. ಚಹಾಕ್ಕೆ ಒಂದು, ದಿನಕ್ಕೆ ಎರಡೇ ಚಹಾ. ಆಸ್ಪರ್ಟೇಮ್ ಬೇಡವೆಂದದ್ದು ಭಯದಿಂದಲ್ಲ, ನಮ್ಮ ಮನೆಯಲ್ಲಿ ಚಹಾವನ್ನು ಕುದಿಸಿ ಕುದಿಸಿ ಬತ್ತಿಸುವ ರೂಢಿ. ಕುದಿದರೆ ಆಸ್ಪರ್ಟೇಮ್‌ನ ಸಿಹಿ ಕಡಿಮೆಯಾಗುತ್ತದೆ. 2023ರಲ್ಲಿ ಅದಕ್ಕೆ ಕ್ಯಾನ್ಸರ್‌ನ ಹೆಸರು ಅಂಟಿದ ಸುದ್ದಿ ನಿಮಗೂ ಮೊಬೈಲಿಗೆ ಬಂದಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ‘ಸಾಧ್ಯತೆ ಇರಬಹುದು’ ಎಂಬ ಗುಂಪಿಗೆ ಅದನ್ನು ಸೇರಿಸಿದ್ದು ನಿಜ, ಆದರೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂ ಎಂಬ ಮಿತಿಯನ್ನು ಆಗ ಬದಲಿಸಲಿಲ್ಲ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ, ತೂಕ ಇಳಿಸಲೆಂದು ಇಂಥ ಸಿಹಿಕಾರಕಗಳನ್ನು ನೆಚ್ಚಬೇಡಿ ಎಂದಿತು. ಈಗಾಗಲೇ ಮಧುಮೇಹ ಇರುವವರಿಗೆ ಆ ಮಾತು ಅನ್ವಯಿಸುವುದಿಲ್ಲ ಎಂದೂ ಹೇಳಿತು. ನನ್ನ ಹೆಂಡತಿ ಮೊದಲರ್ಧವನ್ನು ಓದಿ, ತನ್ನ ಚಹಾಕ್ಕೆ ಗುಳಿಗೆಯೂ ಬೇಡ, ಸಕ್ಕರೆಯೂ ಬೇಡ ಎಂದು ಬಿಟ್ಟೇಬಿಟ್ಟಳು. ಹದಿನೈದು ದಿನ ಮುಖ ಸಿಂಡರಿಸಿದಳು, ಈಗ ನನ್ನ ಚಹಾದ ರುಚಿ ನೋಡಿದರೆ ಮುಖ ಸಿಂಡರಿಸುತ್ತಾಳೆ.

ಇಷ್ಟರಲ್ಲೇ ಮುಗಿದಿದ್ದರೆ ಇದು ನನ್ನ ನಗೆಪಾಟಲಿನ ಕತೆಯಾಗಿರುತ್ತಿತ್ತು. ಮೋಸಹೋದ ಸಿಟ್ಟಿನಲ್ಲಿ ಮನೆಯಲ್ಲಿದ್ದ ಸಕ್ಕರೆ, ಬೆಲ್ಲ ಎಲ್ಲವನ್ನೂ ಕೆಲಸದವಳಿಗೆ ಕೊಟ್ಟು ಡಬ್ಬಿ ತೊಳೆದಿಟ್ಟಿದ್ದೆ. ಅವ್ವನಿಗೂ ಹತ್ತು ವರ್ಷದಿಂದ ಶುಗರ್ ಇದೆ, ಗ್ಲಿಮೆಪಿರೈಡ್ ಗುಳಿಗೆ ತೆಗೆದುಕೊಳ್ಳುತ್ತಾಳೆ. ಸೋಮವಾರ ಅವಳದು ಒಪ್ಪತ್ತು. ಅಂಥ ಒಂದು ಸೋಮವಾರ ಬೆಳಿಗ್ಗೆ ಗುಳಿಗೆ ನುಂಗಿ, ಊಟ ಮುಂದೂಡಿ, ಮಧ್ಯಾಹ್ನ ಕಟ್ಟೆಯ ಮೇಲೆ ಕುಳಿತವಳು ಬೆವರತೊಡಗಿದಳು. ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಮಗಳಿಗೆ ಅಷ್ಟು ಗೊತ್ತು: ಶುಗರ್ ಇಳಿದಿದೆ, ಆಯಿಗೆ ಸಿಹಿ ಕೊಡಬೇಕು. ಓಡಿಹೋಗಿ ಚಹಾ ಮಾಡಿ ನನ್ನ ನಾಲ್ಕು ಸುಕ್ರಲೋಸ್ ಗುಳಿಗೆ ಹಾಕಿ ಕುಡಿಸಿದಳು. ಪಾನಕದಂತೆ ಸಿಹಿಯಾಗಿತ್ತಂತೆ. ಅವ್ವ ಮಾತ್ರ ಇನ್ನೂ ಬಾಡಿದಳು. ನಾಲಿಗೆಗೆ ಸಿಹಿ, ರಕ್ತಕ್ಕೆ ಬರೀ ನೀರು! ಮಗಳು ಫೋನಿನಲ್ಲಿ ಅಳುತ್ತಿದ್ದಾಗ ನಾನು ಕಾರ್ಖಾನೆಯ ಗೋದಾಮಿನ ಮುಂದೆ ನಿಂತಿದ್ದೆ, ಬೆನ್ನ ಹಿಂದೆ ಸಾವಿರಾರು ಚೀಲ ಸಕ್ಕರೆ.

ಪಕ್ಕದ ಮನೆಯ ಕಾಕು ಒಂದು ಲೋಟ ನೀರಿಗೆ ಮೂರು ದೊಡ್ಡ ಚಮಚೆ ಸಕ್ಕರೆ ಕದಡಿಕೊಂಡು ಬಂದು, ಗುಟುಕು ಗುಟುಕಾಗಿ ಕುಡಿಸಿದರು. ಕಾಲು ತಾಸಿನಲ್ಲಿ ಅವ್ವ ತಲೆ ಎತ್ತಿ, "ಊಟಕ್ಕೆ ಹೊತ್ತಾಯಿತೇ?" ಎಂದಳು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ನೇರ ಆಸ್ಪತ್ರೆಗೆ ಒಯ್ಯಬೇಕಿತ್ತು ಎಂದು ಆಮೇಲೆ ವೈದ್ಯರು ಹೇಳಿದರು. ಅವಳ ಗುಳಿಗೆಯ ಪ್ರಮಾಣವನ್ನೂ ತಗ್ಗಿಸಿದರು, ಒಪ್ಪತ್ತನ್ನು ಬಿಡಿಸಲು ನೋಡಿ ಸೋತರು.

ಈಗ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಪಕ್ಕ ಕಾಲು ಕಿಲೋ ಸಕ್ಕರೆ, ಅದರ ಮೇಲೆ ಗ್ಲೂಕೋಸ್ ಪುಡಿಯ ಒಂದು ಪೆಟ್ಟಿಗೆ ಇದೆ. ಸುಕ್ರಲೋಸ್ ಗುಳಿಗೆಯ ಡಬ್ಬಿಯನ್ನು ಬೇರೆ ಕಪಾಟಿಗೆ ಸ್ಥಳಾಂತರಿಸಿದ್ದೇವೆ. ಅವ್ವ ತನ್ನ ಸೆರಗಿನ ತುದಿಗೆ ನಾಲ್ಕು ಹರಳು ಕಲ್ಲುಸಕ್ಕರೆ ಗಂಟು ಹಾಕಿಕೊಂಡಿದ್ದಾಳೆ. ಮೊನ್ನೆ ಎಣಿಸಿದೆ, ಮೂರೇ ಇದ್ದವು.