ಖಾಲಿ ಫ್ಲಾಟ್ ಕ್ಲೀನಿಂಗ್: ಓನರ್ ಕೆಲಸವಾ, ಕಂಪನಿ ಕೆಲಸವಾ?

ಬಾಡಿಗೆದಾರರು ಬಿಟ್ಟುಹೋದ ಫ್ಲಾಟ್ ಕ್ಲೀನ್ ಮಾಡುವ ಬಿಸಿನೆಸ್‌ಗೆ ಕೆಲಸವನ್ನು ನೇರ ಓನರ್‌ಗಳಿಂದ ಹಿಡಿಯಬೇಕಾ, ಹತ್ತಾರು ಫ್ಲಾಟ್ ನೋಡಿಕೊಳ್ಳುವ ಮ್ಯಾನೇಜ್‌ಮೆಂಟ್ ಕಂಪನಿಯಿಂದಲಾ ಅಂತ ಕೇಳಿದ್ದೀರಿ.

ಮೊದಲು ದುಡ್ಡು. ಓನರ್ ಸಾಮಾನ್ಯವಾಗಿ ಕೆಲಸ ಮುಗಿದ ಕೂಡಲೇ ಕೊಡುತ್ತಾರೆ, ಆದರೆ ಚೌಕಾಸಿ ಇದ್ದೇ ಇದೆ. ಕಂಪನಿ ಬಿಲ್ ಕೇಳುತ್ತದೆ, ಹಣ ಬರಲು 30 ದಿನ ಹಿಡಿದರೂ ಆಶ್ಚರ್ಯವಿಲ್ಲ. ಅಲ್ಲಿಯವರೆಗೆ ಹೆಲ್ಪರ್ ಕೂಲಿ, ಸಾಮಾನು, ಓಡಾಟ ಎಲ್ಲಾ ನಿಮ್ಮ ಜೇಬಿನಿಂದಲೇ.

ಜಾಸ್ತಿ ಕೆಲಸ ಸಿಗುವುದು ಕಂಪನಿಯಲ್ಲೇ. ಒಬ್ಬ ಓನರ್ ಮನೆ ವರ್ಷಕ್ಕೊಮ್ಮೆ ಖಾಲಿಯಾದರೆ ಹೆಚ್ಚು. ಆದರೆ ಮನೆಗಳು ಖಾಲಿಯಾಗುವುದು ಹೆಚ್ಚಾಗಿ ತಿಂಗಳ ಕೊನೆಗೆ, ಒಂದೇ ಸಲ ಐದು ಕೀ ಕೈಗೆ ಬಂದು, ಒಂದನೇ ತಾರೀಕು ಹೊಸಬರು ಲಗೇಜ್ ಸಮೇತ ಬಾಗಿಲಲ್ಲಿ ನಿಂತರೆ ಒಬ್ಬರೇ ಏನು ಮಾಡುತ್ತೀರಿ?

ತಕರಾರು? ಏನೇನು ಕ್ಲೀನ್ ಮಾಡಬೇಕು ಅಂತ ಕಂಪನಿ ಚೆಕ್‌ಲಿಸ್ಟ್ ಕೊಡುತ್ತದೆ, ಓನರ್ ಕೆಲಸವಾದರೆ ಆ ಪಟ್ಟಿಯನ್ನು ನೀವೇ ಬರೆದು ಅವರನ್ನು ಒಪ್ಪಿಸಬೇಕು, ಇಲ್ಲದಿದ್ದರೆ "ಗೋಡೆ ಕಲೆ ಹೋಗಿಲ್ವಲ್ಲ" ಅಂತ ಶುರುವಾಗುತ್ತದೆ. ಯಾರ ಕೆಲಸವೇ ಆಗಲಿ, ಒಳಗೆ ಕಾಲಿಟ್ಟ ತಕ್ಷಣ ಫೋಟೊ ತೆಗೆಯಿರಿ, ಹಳೆಯ ಗೀರು ನಿಮ್ಮ ತಲೆಗೆ ಬರಬಾರದು ಅಲ್ವಾ. ಮನೆ ನೋಡದೆ ಫೋನಲ್ಲಿ ರೇಟ್ ಹೇಳಬೇಡಿ.

ಕೈಯಲ್ಲಿ ದುಡ್ಡು ಕಮ್ಮಿ, ಒಬ್ಬರೇ ಇದ್ದೀರಿ ಅಂದರೆ ಓನರ್‌ಗಳೇ ಸರಿ. ಎರಡು ತಿಂಗಳ ಖರ್ಚು ಎತ್ತಿಟ್ಟಿದ್ದು, ಕರೆದಾಗ ಬರುವ ಇಬ್ಬರು ಇದ್ದರೆ ಕಂಪನಿ ಹಿಡಿಯಿರಿ. ಆಗಲೂ ನಾಲ್ಕೈದು ಓನರ್‌ಗಳನ್ನು ಬಿಡಬೇಡಿ, ಕಂಪನಿ ಯಾವತ್ತು ಬೇರೆಯವರನ್ನು ಕರೆಯುತ್ತದೋ ಹೇಳಲಾಗದು.