ಯುವಿಯೈಟಿಸ್‌ಗೆ ಮೆಥೊಟ್ರೆಕ್ಸೇಟೋ, ಮೈಕೋಫಿನೊಲೇಟೋ?

ಯುವಿಯೈಟಿಸ್ ಅಂದರೆ ಕಣ್ಣಿನೊಳಗಿನ ಉರಿಯೂತ. ಸೋಂಕಿಲ್ಲದೆ ಬರುವ ಯುವಿಯೈಟಿಸ್‌ನಲ್ಲಿ ಕಣ್ಣಿಗೆ ಹಾನಿ ಮಾಡುವುದು ಬಹುಪಾಲು ನಮ್ಮದೇ ಟಿ ಜೀವಕೋಶಗಳು, ಅಂದರೆ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು. ರಕ್ತದಿಂದ ಕಣ್ಣಿನೊಳಗೆ ನುಸುಳಿ, ಬೇರೆ ಬಿಳಿ ರಕ್ತಕಣಗಳನ್ನೂ ಕರೆತರುತ್ತವೆ. ಕಣ್ಣು ಪರೀಕ್ಷಿಸುವ ಸೂಕ್ಷ್ಮದರ್ಶಕವಾದ ಸ್ಲಿಟ್ ಲ್ಯಾಂಪಿನ ಬೆಳಕಿನಲ್ಲಿ ಇವು ವೈದ್ಯರಿಗೆ ತೇಲುವ ಚುಕ್ಕೆಗಳಾಗಿ ಕಾಣುತ್ತವೆ. ಸ್ಟೀರಾಯ್ಡ್ ಬೇಗ ಹತೋಟಿಗೆ ತರುತ್ತದೆ, ನಿಜ. ಆದರೆ ವರ್ಷಗಟ್ಟಲೆ ತೆಗೆದುಕೊಂಡರೆ ಕಣ್ಣಿನ ಪೊರೆ, ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ), ಸಕ್ಕರೆ ಕಾಯಿಲೆಯ ಭಯ. ಆಗ ಸ್ಟೀರಾಯ್ಡ್ ಕಡಿಮೆ ಮಾಡಲು, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್, ಮೈಕೋಫಿನೊಲೇಟ್ ಎಂಬ ಎರಡು ಮಾತ್ರೆಗಳ ಮಾತು ಬರುತ್ತದೆ.

ಮೈಕೋಫಿನೊಲೇಟ್ ಡಿಎನ್‌ಎಗೆ ಬೇಕಾದ ಗ್ವಾನೀನ್ ತಯಾರಿಯನ್ನು ತಡೆಯುತ್ತದೆ. ಲಿಂಫೋಸೈಟ್‌ಗಳಿಗೆ (ಟಿ ಜೀವಕೋಶಗಳೂ ಈ ಗುಂಪಿನವೇ) ಅದನ್ನು ಪಡೆಯಲು ಬೇರೆ ದಾರಿ ಕಡಿಮೆ, ಹಾಗಾಗಿ ಪೆಟ್ಟು ಮುಖ್ಯವಾಗಿ ಅವಕ್ಕೇ. ದಿನಕ್ಕೆರಡು ಸಲ ನುಂಗಬೇಕು, ಹೊಟ್ಟೆ ಕೆಡುವುದುಂಟು.

ಮೆಥೊಟ್ರೆಕ್ಸೇಟ್ ವಾರಕ್ಕೆ ಒಮ್ಮೆ ಮಾತ್ರ, ಜೊತೆಗೆ ಫೋಲಿಕ್ ಆಸಿಡ್. ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ವಾರದ ಯಾವ ದಿನ ಎಂದು ಚೀಟಿಯಲ್ಲೇ ಬರೆಸಿಕೊಳ್ಳಿ. ಲಿವರ್ ಪರೀಕ್ಷೆ ತಪ್ಪಿಸಬೇಡಿ, ಮದ್ಯ ಬಿಡಿ.

2019ರಲ್ಲಿ ಪ್ರಕಟವಾದ ಫಾಸ್ಟ್ (FAST) ಎಂಬ ವೈದ್ಯಕೀಯ ಪ್ರಯೋಗ ಇವೆರಡನ್ನೂ 216 ರೋಗಿಗಳಲ್ಲಿ ಹೋಲಿಸಿತು. ತಮಿಳುನಾಡಿನ ಅರವಿಂದ್ ಕಣ್ಣಾಸ್ಪತ್ರೆಗಳೂ ಅದರಲ್ಲಿದ್ದವು. 6 ತಿಂಗಳಲ್ಲಿ ಮೆಥೊಟ್ರೆಕ್ಸೇಟ್ ಪಡೆದವರಲ್ಲಿ ಸುಮಾರು 67%, ಮೈಕೋಫಿನೊಲೇಟ್ ಪಡೆದವರಲ್ಲಿ 57% ಮಂದಿಗೆ ಉರಿಯೂತ ಹತೋಟಿಗೆ ಬಂತು. ಮೈಕೋಫಿನೊಲೇಟೇ ಮೇಲು ಎಂಬ ನಂಬಿಕೆಗೆ ಅಲ್ಲಿ ಆಧಾರ ಸಿಗಲಿಲ್ಲ.

ಬೆಲೆಯನ್ನೂ ನೋಡಿದರೆ, ಲಿವರ್ ಚೆನ್ನಾಗಿರುವವರು ಮೆಥೊಟ್ರೆಕ್ಸೇಟ್‌ನಿಂದಲೇ ಶುರುಮಾಡುವುದು ಸರಿ ಅನ್ನಿಸುತ್ತದೆ. ಮಗು ಬೇಕೆಂದಿರುವ ಹೆಣ್ಣುಮಕ್ಕಳಿಗೆ ಎರಡೂ ಸಲ್ಲ. ಅದನ್ನು ವೈದ್ಯರಿಗೆ ಮೊದಲೇ ಹೇಳಿ.